ಕೋಟೆಯ ಗೋಡೆಗೆ ಬಂದು ನಿಂತ ಜೂಬಿಲಿ: ಯಾಜಕಕಾಂಡ 25:29-34ರ ಒಂದು ವಿಮರ್ಶೆ

ನಮ್ಮ ಸಭೆಗಳಲ್ಲಿ ‘ಜೂಬಿಲಿ’ ಎಂಬ ಮಾತಿಗೆ ಎರಡು ಬಳಕೆಗಳಿವೆ. ಮೊದಲನೆಯದು ದೇವಾಲಯದ ಕಟ್ಟಡಕ್ಕೆ ಐವತ್ತು ವರ್ಷ ತುಂಬಿದಾಗ ಆಚರಿಸುವ ಸುವರ್ಣ ಜೂಬಿಲಿ. ಸ್ಮರಣ ಸಂಚಿಕೆ, ಹೊಸ ಸಭಾಂಗಣ, ಹೆಸರು ಕೆತ್ತಿದ ಕಲ್ಲು ಇವು ಅದರ ಗುರುತುಗಳು. ಎರಡನೆಯದು ಪ್ರಸಂಗಪೀಠದ ಜೂಬಿಲಿ. ಯಾಜಕಕಾಂಡ 25ನೆಯ ಅಧ್ಯಾಯವನ್ನು ಲೂಕ 4ರಲ್ಲಿ ಯೇಸು ನಜರೇತಿನಲ್ಲಿ ಮಾಡಿದ ಪ್ರಸಂಗದ ಜೊತೆಗಿಟ್ಟು, ದಾಸರು ಬಿಡುಗಡೆ ಹೊಂದುವ, ಕಳೆದುಹೋದ ನೆಲ ಮರಳಿ ಕುಟುಂಬದ ಕೈಸೇರುವ ವರ್ಷವೆಂದು ಅದನ್ನು ಸಾರುತ್ತೇವೆ. ಈ ಲೇಖನ ಎರಡನೆಯ ಬಳಕೆಯನ್ನು ಕುರಿತದ್ದು. ಆ ಬೋಧನೆ ತಪ್ಪೆಂಬುದು ನಮ್ಮ ವಾದವಲ್ಲ. ಅದು ಅರ್ಧದಲ್ಲಿಯೇ ನಿಲ್ಲುತ್ತದೆ ಎಂಬುದು ಆಕ್ಷೇಪ. ಅದು ನಿಲ್ಲುವ ಸ್ಥಳವನ್ನು ಬೆರಳಿಟ್ಟು ತೋರಿಸಬಹುದು: 28ನೆಯ ವಚನ. ಅದರ ಮುಂದಿನ ಆರು ವಚನಗಳನ್ನು ಪ್ರಸಂಗಕ್ಕೆ ಆರಿಸಿಕೊಂಡ ಬೋಧಕರು ಅಪರೂಪ.

ಆ ಆರು ವಚನಗಳು ಹೇಳುವುದು ಇಷ್ಟು. ಗೋಡೆಯುಳ್ಳ ಪಟ್ಟಣದಲ್ಲಿ ಒಬ್ಬನು ತಾನು ವಾಸಿಸುವ ಮನೆಯನ್ನು ಮಾರಿಬಿಟ್ಟರೆ, ಅದನ್ನು ಬಿಡಿಸಿಕೊಳ್ಳಲು ಅವನಿಗೆ ಒಂದು ವರ್ಷದ ಕಾಲಾವಕಾಶವಿದೆ. ಆ ವರ್ಷ ತುಂಬಿದರೆ ಮನೆ ಕೊಂಡವನಿಗೂ ಅವನ ಸಂತತಿಗೂ ಶಾಶ್ವತವಾಗಿ ನಿಲ್ಲುತ್ತದೆ. ಜೂಬಿಲಿ ಸಂವತ್ಸರ ಬಂದರೂ ಅದು ಹಿಂದಿರುಗುವುದಿಲ್ಲ. ಸುತ್ತಲೂ ಗೋಡೆಯಿಲ್ಲದ ಹಳ್ಳಿಗಳ ಮನೆಗಳಾದರೋ ಹೊಲಕ್ಕೆ ಸಮಾನ; ಅವು ಜೂಬಿಲಿಯಲ್ಲಿ ಮರಳಿ ಬರುತ್ತವೆ. ಕೊನೆಯಲ್ಲಿ ಇನ್ನೊಂದು ವಿನಾಯಿತಿ: ಲೇವಿಯರ ಪಟ್ಟಣಗಳಲ್ಲಿರುವ ಲೇವಿಯರ ಮನೆಗಳನ್ನು ಯಾವಾಗ ಬೇಕಾದರೂ ಬಿಡಿಸಿಕೊಳ್ಳಬಹುದು, ಜೂಬಿಲಿಯಲ್ಲಿ ಅವು ತಾವಾಗಿಯೇ ಹಿಂದಿರುಗುತ್ತವೆ.

ಹೀಗೆ ಒಂದೇ ಧರ್ಮವಿಧಿ ಮೂರು ಬಗೆಯ ಮನೆಗಳನ್ನು ಗುರುತಿಸುತ್ತದೆ. ಹಳ್ಳಿಯವನ ಮನೆಗೆ ಜೂಬಿಲಿ ಉಂಟು. ದೇವಸೇವಕನ ಮನೆಗೆ ಜೂಬಿಲಿ ಉಂಟು. ಪಟ್ಟಣದ ಗೋಡೆಯೊಳಗೆ ಮನೆ ಕಳೆದುಕೊಂಡ ಸಾಮಾನ್ಯನಿಗೆ ಮಾತ್ರ ಇಲ್ಲ. ಸ್ವಾತಂತ್ರ್ಯದ ತುತ್ತೂರಿ ದೇಶದಲ್ಲೆಲ್ಲ ಊದಿಬಂದು, ಕೋಟೆಯ ಬಾಗಿಲಲ್ಲಿ ಮೌನವಾಗುತ್ತದೆ.

ಗೋಡೆಯ ಒಳಗೂ ಹೊರಗೂ

ಈ ಪಠ್ಯವನ್ನು ಕಲಬುರಗಿಯಲ್ಲಿ ಓದುವವರಿಗೆ ‘ಕೋಟೆ’ ಎಂಬುದು ಕೇವಲ ರೂಪಕವಾಗಿ ಉಳಿಯುವುದಿಲ್ಲ. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲಾವುದ್ದೀನ್ ಹಸನ್ ಬಹಮನ್ ಷಾ ಈ ಊರನ್ನು ರಾಜಧಾನಿಯನ್ನಾಗಿ ಮಾಡಿ ಇಲ್ಲಿಯ ಕೋಟೆಯನ್ನು ಬಲಪಡಿಸಿದನು. ತೆರೆದ ಅಂಗಳವಿಲ್ಲದೆ ಪೂರ್ತಿ ಛಾವಣಿಯ ಕೆಳಗಿರುವ 1367ರ ಜಾಮಿ ಮಸೀದಿ ಆ ಗೋಡೆಗಳ ನಡುವೆಯೇ ಇದೆ. ಹದಿನೈದನೆಯ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಅರಸರು ಹೋದರು, ಆದರೆ ಕೋಟೆಯಲ್ಲಿ ಜನವಾಸ ಉಳಿಯಿತು. ಇಂದಿಗೂ ಅದರೊಳಗೆ ತಲೆಮಾರುಗಳಿಂದ ಬದುಕಿರುವ ಕುಟುಂಬಗಳಿವೆ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಕಾನೂನಿನ ಕಣ್ಣಿಗೆ ಆ ಕುಟುಂಬಗಳು ಅತಿಕ್ರಮಣದಾರರು. ಅವರ ತೆರವಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ.

ಕೋಟೆಯ ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ಆರು ಶತಮಾನಗಳನ್ನು ದಾಟಿ ಬಂದ ಕಟ್ಟಡ ಎಲ್ಲರ ಸ್ವತ್ತು. ಅದರ ಕಲ್ಲು ಕೀಳುವ ಹಕ್ಕು ಯಾರಿಗೂ ಇಲ್ಲ. ಆದರೆ ಕಲ್ಲಿಗೆ ಸಂದ ಹಕ್ಕು ಅದರ ನೆರಳಿನಲ್ಲಿ ಹುಟ್ಟಿ ಬೆಳೆದವರಿಗೆ ಸಲ್ಲದಿದ್ದರೆ, ಆ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದಾದರೂ ಕೇಳಬೇಕಲ್ಲವೇ?

ಈಗ ಗೋಡೆಯ ಹೊರಗೆ ನೋಡೋಣ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಲೂ, ಜಿಲ್ಲೆಯ ಉಳಿದೆಡೆಗಳಲ್ಲಿಯೂ ಲಂಬಾಣಿ ತಾಂಡಾಗಳು ಹರಡಿವೆ. ಸ್ವಂತ ಕೈಯಿಂದ ಕಟ್ಟಿಕೊಂಡ ಮನೆಗಳಲ್ಲಿದ್ದರೂ ಇಂತಹ ಅನೇಕ ತಾಂಡಾಗಳ ಜನರಿಗೆ ಆ ನೆಲದ ಮೇಲೆ ಕಾಗದವಿರಲಿಲ್ಲ, ಏಕೆಂದರೆ ಕಂದಾಯ ದಾಖಲೆಯಲ್ಲಿ ಅವರ ಊರೇ ಇರಲಿಲ್ಲ. 1961ರ ಭೂಸುಧಾರಣಾ ಕಾಯ್ದೆಯ 38ನೆಯ ಪ್ರಕರಣ, ಮತ್ತೊಬ್ಬರ ನೆಲದಲ್ಲಿ ಮನೆ ಮಾಡಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ಮನೆಯ ಒಡೆತನವನ್ನು ಕೊಡುವ ದಾರಿಯನ್ನು ತೆರೆಯಿತು. ಮುಂದಿನ ತಿದ್ದುಪಡಿಗಳು ಆ ದಾರಿಯನ್ನು ದಾಖಲೆಯಿಲ್ಲದ ಜನವಸತಿಗಳಿಗೂ ಹಿಗ್ಗಿಸಿದವು. 2023ರ ಜನವರಿ 19ರಂದು ಇದೇ ಜಿಲ್ಲೆಯ ಮಳಖೇಡದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆಯಿತು. ಯಾವ ಪಕ್ಷ, ಯಾವ ಚುನಾವಣೆ ಎಂಬ ಮಾತು ಒತ್ತಟ್ಟಿಗಿರಲಿ. ಆ ಕಾಗದವನ್ನು ಕೈಯಲ್ಲಿ ಹಿಡಿದ ತಾಯಿಗೆ ಅದು ಜೂಬಿಲಿಗೆ ಕಡಿಮೆಯಾದದ್ದಲ್ಲ.

ಆದರೆ ಸಾಮ್ಯವನ್ನು ಗಮನಿಸಿರಿ. ಗೋಡೆಯಿಲ್ಲದ ಹಳ್ಳಿಯ ಮನೆಯನ್ನು ಹೊಲದಂತೆ ಎಣಿಸಬೇಕೆಂದ ಯಾಜಕಕಾಂಡದ ವಿಧಿಯ ದಾರಿಯಲ್ಲಿಯೇ ನಮ್ಮ ಭೂಸುಧಾರಣೆಯೂ ನಡೆದು ಬಂದಿದೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. 1974ರ ತಿದ್ದುಪಡಿಯೊಂದಿಗೆ ಉಳುವವನು ನೆಲದೊಡೆಯನಾದನು. ಪಟ್ಟಣದ ಬಾಡಿಗೆದಾರನಿಗೆ ಅಂತಹ ದಿನ ಬರಲಿಲ್ಲ. ಸರ್ಕಾರಿ ನೆಲದಲ್ಲಿ ಮನೆ ಕಟ್ಟಿಕೊಂಡ ನಗರವಾಸಿಗೆ ಸಕ್ರಮದ ಒಂದು ದಾರಿಯಾದರೂ ಉಂಟು. ತಿಂಗಳು ತಿಂಗಳು ಬಾಡಿಗೆ ಕೊಟ್ಟು ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಬಾಳಿದವನಿಗೆ ಯಾವುದೂ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅವನಿಗೆ ರಕ್ಷಣೆಯಾಗಬೇಕಿತ್ತು. ಆದರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದ ಪಟ್ಟಣಗಳಲ್ಲಿ 2,000 ರೂಪಾಯಿ ಮೀರಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇಂದಿನ ಬೆಲೆಯಲ್ಲಿ ಅದು ಯಾರನ್ನು ಕಾಯುತ್ತದೆಂದು ಬಾಡಿಗೆ ಮನೆಯಲ್ಲಿರುವ ವಾಚಕರೇ ಹೇಳಬಲ್ಲರು.

ವ್ಯಾಖ್ಯಾನಕಾರರ ಸಮಾಧಾನ

ವ್ಯಾಖ್ಯಾನಕಾರರು ಈ ವಚನಗಳಿಗೆ ಒಂದು ಸಮಾಧಾನವನ್ನು ಕೊಡುತ್ತಾರೆ. ಜೂಬಿಲಿಯ ಗುರಿ ಕುಟುಂಬದ ಜೀವನಾಧಾರವನ್ನು ಉಳಿಸುವುದು. ಹೊಲ ಜೀವನಾಧಾರ, ಹಳ್ಳಿಯ ಮನೆ ಹೊಲಕ್ಕೆ ಹೊಂದಿದ್ದು. ಪಟ್ಟಣದ ಮನೆ ವರ್ತಕನದು, ಕುಶಲಕರ್ಮಿಯದು. ಅದು ಸ್ವಾಸ್ತ್ಯದ ಭಾಗವಲ್ಲ, ಕೊಂಡು ಮಾರುವ ಸೊತ್ತು. ಆದ್ದರಿಂದ ವಿನಾಯಿತಿ. ಪ್ರಾಚೀನ ಇಸ್ರಾಯೇಲಿನ ಮಟ್ಟಿಗೆ ಈ ವಿವರಣೆ ಸರಿಯೇ ಇರಬಹುದು. ನಮ್ಮ ಸೆಮಿನರಿಗಳಲ್ಲಿ ಪ್ರಭಾವ ಬೀರಿದ ಗ್ರಂಥಗಳೂ ಇದೇ ಅಡಿಪಾಯದ ಮೇಲೆ ನಿಂತಿವೆ. ವಾಲ್ಟರ್ ಬ್ರೂಗೆಮನ್ 1977ರಲ್ಲಿ ಭೂಮಿಯನ್ನು ಸತ್ಯವೇದದ ವಿಶ್ವಾಸದ ಕೇಂದ್ರವಿಷಯವೆಂದು ತೋರಿಸಿದರು. ಪುಣೆಯಲ್ಲಿ ಕೆಲವು ವರ್ಷ ಬೋಧಿಸಿದ್ದ ಕ್ರಿಸ್ಟೋಫರ್ ರೈಟ್ 1990ರ ತಮ್ಮ ಗ್ರಂಥದಲ್ಲಿ ದೇವರು, ಜನ, ಭೂಮಿ ಈ ಮೂರನ್ನು ಬೆಸೆಯುವ ಗಂಟು ಕುಟುಂಬದ ಸ್ವಾಸ್ತ್ಯವೆಂದು ವಾದಿಸಿದರು. ಅರವಿಂದ್ ನಿರ್ಮಲ್ ಅವರು 1980ರ ದಶಕದಲ್ಲಿ ದಲಿತ ದೈವಶಾಸ್ತ್ರಕ್ಕೆ ತಳಹದಿ ಹಾಕುವಾಗ ಧರ್ಮೋಪದೇಶಕಾಂಡ 26ರಲ್ಲಿ ಬರುವ ಅಲೆಮಾರಿ ಮೂಲಪಿತೃವಿನ ಅರಿಕೆಯನ್ನು ಆರಿಸಿಕೊಂಡರು. ಈ ಮೂವರಿಗೂ ನಾವು ಋಣಿಗಳು. ಆದರೆ ಈ ಓದುಗಳು ನಮ್ಮ ಕಣ್ಣನ್ನು ಹೊಲದ ಕಡೆಗೋ ಹಾದಿಯ ಕಡೆಗೋ ತಿರುಗಿಸಿವೆ. ನೆಲವುಳ್ಳವನು, ನೆಲ ಕಳೆದುಕೊಂಡವನು, ಅಲೆಮಾರಿ ಇವರೆಲ್ಲ ಅಲ್ಲಿ ಕಾಣುತ್ತಾರೆ. ಪಟ್ಟಣದ ಬಾಡಿಗೆ ಕೋಣೆಯಲ್ಲಿ ಕುಳಿತವನು ಅಷ್ಟಾಗಿ ಕಾಣುವುದಿಲ್ಲ.

ಆ ಸಮಾಧಾನ ಇಂದು ನಿಲ್ಲದಿರುವುದು ಇಲ್ಲಿಯೇ. ಬರದ ತಾಲೂಕುಗಳಿಂದ ಕಲಬುರಗಿಗೆ ಬಂದು ದಾಲ್ ಮಿಲ್ಲಿನಲ್ಲಿ ಚೀಲ ಹೊರುವವನಿಗೆ ಹೊಲವಿಲ್ಲ. ಅವನ ಹೆಂಡತಿ ಬಾಡಿಗೆ ಮನೆಯ ಒಲೆಯ ಮುಂದೆ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ಆ ಒಲೆಯೇ ಅವಳ ಹೊಲ. ಮನೆ ಖಾಲಿ ಮಾಡಬೇಕಾಗಿ ಬಂದರೆ ಅವಳು ಕಳೆದುಕೊಳ್ಳುವುದು ಸೂರನ್ನು ಮಾತ್ರವಲ್ಲ. ಕೆಲಸವನ್ನು, ಮಗುವಿನ ಶಾಲೆಯನ್ನು, ಪಡಿತರ ಚೀಟಿಯ ವಿಳಾಸವನ್ನು. ದಲಿತ ಕುಟುಂಬವಾದರೆ ಹೊಸ ಮನೆ ಹುಡುಕುವಾಗ ಬಾಡಿಗೆಯ ಮೊತ್ತಕ್ಕಿಂತ ಮೊದಲು ಜಾತಿಯ ಪ್ರಶ್ನೆಗೆ ಉತ್ತರಿಸಬೇಕು. ಬೀದರ್, ಕಲಬುರಗಿ ಭಾಗದ ನಮ್ಮ ಸಭಾಪಾಲಕರಿಗೆ ಇದನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಅವರ ಸಭೆಗಳ ಬಹುಪಾಲು ಜನರ ಅನುಭವ ಇದು. ಸುಪ್ರೀಂ ಕೋರ್ಟು 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಒಪ್ಪಿತು. ಮುಂಬಯಿಯ ಪಾದಚಾರಿ ಮಾರ್ಗದಲ್ಲಿ ವಾಸಿಸುವವನು ಅಲ್ಲಿರುವುದು ಅವನ ದುಡಿಮೆ ಅಲ್ಲಿರುವುದರಿಂದ ಎಂಬುದನ್ನು ಗುರುತಿಸಿತು. ಆದರೂ ನೋಟಿಸು ಕೊಟ್ಟು ಅವರನ್ನು ಎಬ್ಬಿಸಲು ಅವಕಾಶವಿತ್ತಿತು. ತತ್ವದಲ್ಲಿ ಗೋಡೆ ಬಿರಿಯಿತು, ವ್ಯವಹಾರದಲ್ಲಿ ನಿಂತೇ ಇತ್ತು. ಜೀವನಾಧಾರವನ್ನು ಕಾಯುವುದೇ ಜೂಬಿಲಿಯ ಉದ್ದೇಶವಾದರೆ, ಆ ಉದ್ದೇಶಕ್ಕೆ ನಿಷ್ಠರಾಗಿರುವವರು 29ನೆಯ ವಚನದ ವಿನಾಯಿತಿಯನ್ನು ಇಂದಿನ ಪಟ್ಟಣಕ್ಕೆ ಅನ್ವಯಿಸಲಾರರು. ವ್ಯಾಖ್ಯಾನಕಾರರ ಸಮಾಧಾನವೇ ಅವರ ತೀರ್ಮಾನವನ್ನು ಬುಡಮೇಲು ಮಾಡುತ್ತದೆ.

ಅಡಗಿಕೊಳ್ಳುವ ಮಾಲೀಕ

ಈ ವಿಧಿಯ ಬಿರುಕನ್ನು ಮೊದಲು ಕಂಡವರು ನಾವಲ್ಲ. ಯೆಹೂದ್ಯ ಪಂಡಿತರು ಬಹು ಹಿಂದೆಯೇ ಕಂಡಿದ್ದರು. 30ನೆಯ ವಚನದ ಇಬ್ರಿಯ ಬರೆಹದಲ್ಲಿ ಅಕ್ಷರಶಃ ‘ಗೋಡೆಯಿಲ್ಲದ’ ಎಂದಿದೆ. ‘ಗೋಡೆಯುಳ್ಳ’ ಎಂದು ಓದಬೇಕೆಂಬುದು ಮಸೋರಾ ಸಂಪ್ರದಾಯದ ಸೂಚನೆ. ಈಗ ಗೋಡೆ ಇಲ್ಲದಿದ್ದರೂ ಹಿಂದೆ ಇದ್ದರೆ ಸಾಕು, ವಿಧಿ ಅನ್ವಯಿಸುತ್ತದೆ ಎಂದು ರಬ್ಬಿಗಳು ಇದರಿಂದ ಅರ್ಥ ತೆಗೆದರು. ಕೋಟೆ ಬಿದ್ದ ಮೇಲೂ ಕೋಟೆಯ ಕಟ್ಟಳೆ ಬೀಳುವುದಿಲ್ಲ ಎಂಬುದನ್ನು ಕಲಬುರಗಿಯ ಕೋಟೆಯೊಳಗಿನ ಜನರಿಗೆ ವಿವರಿಸಿ ಹೇಳಬೇಕಿಲ್ಲ.

ಮಿಷ್ನಾದ ಅರಾಖೀನ್ ಭಾಗದಲ್ಲಿ ಇನ್ನೂ ಮುಖ್ಯವಾದ ಒಂದು ಸಂಗತಿ ದಾಖಲಾಗಿದೆ. ಮನೆ ಕೊಂಡವನು ಹನ್ನೆರಡು ತಿಂಗಳ ಕೊನೆಯ ದಿನ ಬೇಕೆಂದೇ ಅಡಗಿಕೊಳ್ಳುತ್ತಿದ್ದನು. ಮಾರಿದವನು ಹಣ ಹಿಡಿದುಕೊಂಡು ಬಂದರೆ ತೆಗೆದುಕೊಳ್ಳುವವರಿಲ್ಲ. ಸೂರ್ಯ ಮುಳುಗಿದರೆ ಮನೆ ಶಾಶ್ವತವಾಗಿ ಹೋದಂತೆಯೇ. ಆಗ ಹಿರಿಯನಾದ ಹಿಲ್ಲೇಲನು ಒಂದು ಹೊಸ ಕಟ್ಟಳೆ ಮಾಡಿದನು: ಮಾರಿದವನು ಹಣವನ್ನು ದೇವಾಲಯದ ಕೋಣೆಯಲ್ಲಿ ಇಟ್ಟು, ಬಾಗಿಲು ಮುರಿದು ತನ್ನ ಮನೆಯನ್ನು ಹೊಗಲಿ, ಅಡಗಿಕೊಂಡವನು ಬೇಕಾದಾಗ ಬಂದು ಹಣ ಒಯ್ಯಲಿ. ಧರ್ಮಶಾಸ್ತ್ರದ ಅಕ್ಷರವನ್ನು ಅಳಿಸದೆಯೇ ಅದರ ನ್ಯಾಯವನ್ನು ಉಳಿಸಿದ ಬಗೆ ಇದು. ಇದರಲ್ಲಿ ದೇವಾಲಯ ಯಾರ ಪಕ್ಷದಲ್ಲಿ ನಿಂತಿತೆಂಬುದನ್ನು ಗುರುತಿಸಬೇಕು.

ಅಂದು ಒಬ್ಬ ಮನುಷ್ಯನು ಒಂದು ದಿನ ಅಡಗಿಕೊಳ್ಳುತ್ತಿದ್ದನು. ಇಂದು ಮಾಲೀಕತ್ವವೇ ಅಡಗಿಕೊಂಡಿರುವಂತಹ ವ್ಯವಸ್ಥೆ ಬಂದಿದೆ. ಸಾವಿರಾರು ಮನೆಗಳ ಒಡೆತನ ಕಂಪನಿಯದು, ಕಂಪನಿಯ ಒಡೆತನ ಷೇರುದಾರರದು, ಬಾಡಿಗೆ ವಸೂಲಿ ಏಜೆನ್ಸಿಯದು. ಬಾಡಿಗೆದಾರನು ತನ್ನ ಅಳಲನ್ನು ಹೇಳಿಕೊಳ್ಳಲು ಬಾಗಿಲು ತಟ್ಟಿದರೆ ತೆರೆಯುವ ಮುಖವಿಲ್ಲ. ಬರ್ಲಿನ್ ನಗರದಲ್ಲಿ ಬಾಡಿಗೆದಾರರು ಸಂಘಟಿತರಾಗಿ, 3,000ಕ್ಕಿಂತ ಹೆಚ್ಚು ಮನೆಗಳುಳ್ಳ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂಬ ಪ್ರಶ್ನೆಯನ್ನು 2021ರ ಸೆಪ್ಟೆಂಬರಿನಲ್ಲಿ ಜನಮತಕ್ಕೆ ಇಡಿಸಿದರು; ಮತ ಹಾಕಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೌದೆಂದರು. ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರವಾದ ಕಥೆ ಬೆಂಗಳೂರಿನ ಈಜಿಪುರದ್ದು. ಅಲ್ಲಿ ಬಡವರ ವಸತಿಗೆಂದು ಕಟ್ಟಿದ ಕಟ್ಟಡಗಳು ಶಿಥಿಲವಾಗಿ ಕುಸಿದವು; ಜನ ಅದೇ ನೆಲದ ಮೇಲೆ ತಗಡಿನ ಗುಡಿಸಲುಗಳಲ್ಲಿ ಉಳಿದರು; ಪಾಲಿಕೆ ಆ ನೆಲದ ಅಭಿವೃದ್ಧಿಗೆ ಖಾಸಗಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು. ಮೂಲ ಹಂಚಿಕೆದಾರರಿಗೆ ಮನೆಯ ಭರವಸೆಯಾದರೂ ಇತ್ತು. ಅವರಿಂದ ಬಾಡಿಗೆಗೆ ಪಡೆದು ಬಾಳಿದವರು ಲೆಕ್ಕದಲ್ಲಿಯೇ ಬರಲಿಲ್ಲ. ಬೀದಿಗೆ ಬಿದ್ದವರಲ್ಲಿಯೂ ಬಾಡಿಗೆದಾರನು ಕೊನೆಯವನು.

ನೆಹೆಮೀಯನ ಕೂಟ

ಹಾಗಾದರೆ ಸತ್ಯವೇದ ಗೋಡೆಯೊಳಗಿನವರನ್ನು ಕೈಬಿಟ್ಟಿದೆಯೇ? ಇಲ್ಲ. ಯಾಜಕಕಾಂಡ ನಿಂತಲ್ಲಿಂದ ಮುಂದಕ್ಕೆ ಹೋಗುವ ಪಠ್ಯವೊಂದು ನೆಹೆಮೀಯನ ಪುಸ್ತಕದ 5ನೆಯ ಅಧ್ಯಾಯದಲ್ಲಿದೆ. ವಿಚಿತ್ರವೆಂದರೆ ಅದು ಪಟ್ಟಣದ ಗೋಡೆ ಕಟ್ಟುತ್ತಿರುವ ಕಥೆಯ ನಡುವೆಯೇ ಬರುತ್ತದೆ. ಜನರೂ ಅವರ ಹೆಂಡಂದಿರೂ ಹೊಲ, ದ್ರಾಕ್ಷೆತೋಟ, ಮನೆಗಳನ್ನು ಒತ್ತೆಯಿಟ್ಟು ಹಸಿದಿದ್ದೇವೆಂದು ಸ್ವಜನರ ಮೇಲೆಯೇ ದೂರು ಎತ್ತುತ್ತಾರೆ. ಆ ಮೊರೆಗೆ ಇಬ್ರಿಯದಲ್ಲಿ ಬಳಕೆಯಾದ ಪದ, ಐಗುಪ್ತದಲ್ಲಿ ಇಸ್ರಾಯೇಲ್ಯರು ಇಟ್ಟ ಮೊರೆಗೆ ವಿಮೋಚನಕಾಂಡ 3ರಲ್ಲಿ ಬಳಕೆಯಾದ ಪದವೇ. ಫರೋಹನು ಈಗ ಹೊರಗಿನವನಲ್ಲ.

ನೆಹೆಮೀಯನು ಮಾಡಿದ ನಾಲ್ಕು ಕೆಲಸಗಳು ನಮ್ಮ ಗಮನಕ್ಕೆ ಅರ್ಹ. ಅವನು ಶ್ರೀಮಂತರನ್ನು ಗುಟ್ಟಾಗಿ ಕಂಡು ಒಲಿಸಲಿಲ್ಲ. ಅವರಿಗೆ ವಿರೋಧವಾಗಿ ದೊಡ್ಡ ಕೂಟವನ್ನು ಕರೆದನು. ತಾನೂ ತನ್ನವರೂ ಸಾಲ ಕೊಟ್ಟವರೇ ಎಂದು ಎಲ್ಲರ ಮುಂದೆ ಒಪ್ಪಿಕೊಂಡನು. ಹೊಲದೊಂದಿಗೆ ಮನೆಗಳನ್ನೂ ಹಿಂದಕ್ಕೆ ಕೊಡಬೇಕೆಂದನು. ಆ ಮನೆಗಳು ಗೋಡೆಯ ಒಳಗಿನವೋ ಹೊರಗಿನವೋ ಎಂಬ ಭೇದವನ್ನು ಪಠ್ಯ ಮಾಡುವುದೇ ಇಲ್ಲ. ಕೊನೆಗೆ ಯಾಜಕರನ್ನು ಕರೆಯಿಸಿ, ಅವರ ಮುಂದೆ ಪ್ರಮಾಣ ಮಾಡಿಸಿದನು. ಇಲ್ಲಿ ನ್ಯಾಯದ ಆರಂಭ ನಾಯಕನ ಕನಿಕರದಿಂದ ಆಗಲಿಲ್ಲ, ಕೂಡಿ ಬಂದವರ ಕೂಗಿನಿಂದ ಆಯಿತು. ಬಾಡಿಗೆದಾರರು ಸಂಘ ಕಟ್ಟುವುದು, ಕೊಳೆಗೇರಿಯ ನಿವಾಸಿಗಳು ಒಟ್ಟಾಗಿ ಮನವಿ ಹಿಡಿದು ಹೋಗುವುದು ಲೌಕಿಕ ರಾಜಕೀಯವೆಂದು ಮುಖ ತಿರುಗಿಸುವ ಬೋಧಕರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಒಬ್ಬ ಬಾಡಿಗೆದಾರನ ದೂರು ತಕರಾರು. ಇನ್ನೂರು ಜನರದು ಕೂಟ.

ಲೇವಿಯರ ಮನೆಗಳು

ಈಗ ನಮ್ಮ ಮನೆಗೆ ಬರೋಣ. ಯಾಜಕಕಾಂಡದ ಈ ಭಾಗದಲ್ಲಿ ತಮ್ಮ ಮನೆಗಳನ್ನು ಭದ್ರಪಡಿಸಿಕೊಂಡ ಒಂದೇ ನಗರವರ್ಗ ಲೇವಿಯರದು. ಅವರಿಗೆ ಹೊಲದ ಪಾಲಿಲ್ಲದ್ದರಿಂದ ಮನೆಯೇ ಅವರ ಸ್ವಾಸ್ತ್ಯ ಎಂಬುದು ಪಠ್ಯ ಕೊಡುವ ಕಾರಣ. ನ್ಯಾಯವಾದ ಕಾರಣವೇ. ಆದರೆ ಹೊಲವಿಲ್ಲದವನಿಗೆ ಮನೆಯೇ ಸ್ವಾಸ್ತ್ಯವೆಂಬ ವಾದ ಲೇವಿಯನಿಗೆ ಸಲ್ಲುವುದಾದರೆ, ದಾಲ್ ಮಿಲ್ಲಿನ ಕೂಲಿಗೂ ಅವನ ಹೆಂಡತಿಗೂ ಏಕೆ ಸಲ್ಲಬಾರದು? ಕೋಟೆಯ ಗೋಡೆಯನ್ನು ದಾಟುವ ಬಾಗಿಲು ಆ ಆರು ವಚನಗಳೊಳಗೆಯೇ ಇದೆ. ಲೇವಿಯರು ಅದನ್ನು ತಮ್ಮ ಹಿಂದೆ ಮುಚ್ಚಿಕೊಂಡರು.

ನಮ್ಮ ಸಭೆಗಳೂ ಭೂಮಾಲೀಕರೇ. ಬಾಸೆಲ್ ಮಿಶನ್ ಕರಾವಳಿಯಲ್ಲಿ, ಮತಾಂತರದಿಂದಾಗಿ ಮನೆಯನ್ನೂ ಒಕ್ಕಲುತನವನ್ನೂ ಕಳೆದುಕೊಂಡವರಿಗೆ ನೆಲ ಕೊಟ್ಟು ನೆಲೆ ಮಾಡಿಕೊಟ್ಟಿತು. ಹಾಗೆ ಮಾಡುತ್ತ ಕುರುಬನೂ ಧಣಿಯೂ ಒಬ್ಬನೇ ಆದನು. ಆ ಇಕ್ಕಟ್ಟು ಇಂದಿಗೂ ತೀರಿಲ್ಲ. ದಕ್ಷಿಣ ಭಾರತ ಸಭೆಯ ಆಸ್ತಿಗಳನ್ನು ಹೊಂದಿರುವ ಟ್ರಸ್ಟ್ ಅಸೋಸಿಯೇಷನ್ ಕಾನೂನಿನ ದೃಷ್ಟಿಯಲ್ಲಿ ಒಂದು ಕಂಪನಿ. ಇದು ದೂಷಣೆಯಲ್ಲ, ವಸ್ತುಸ್ಥಿತಿ. ಆದರೆ ಕ್ರಿಸ್ತನ ದೇಹವೆಂದು ಕರೆಸಿಕೊಳ್ಳುವ ಸಭೆ ಕಂಪನಿಯ ದೇಹವನ್ನೂ ಧರಿಸಿರುವಾಗ, ನಮ್ಮ ಕಟ್ಟಡದಲ್ಲಿ ಬಾಡಿಗೆಗಿರುವವನು ಯಾವ ದೇಹದ ಬಾಗಿಲನ್ನು ತಟ್ಟಬೇಕು?

ಬಾಡಿಗೆ ಬಾರದಿದ್ದರೆ ಶಾಲೆ, ಆಸ್ಪತ್ರೆ, ನಿವೃತ್ತ ಬೋಧಕರ ಪಿಂಚಣಿ ನಡೆಯುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಅದು ಹುಸಿ ಪ್ರಶ್ನೆಯಲ್ಲ. ಬಾಡಿಗೆ ಬೇಡವೆಂದು ನಾವು ಹೇಳುತ್ತಿಲ್ಲ, ಅಡಗಿಕೊಳ್ಳಬಾರದು ಎನ್ನುತ್ತಿದ್ದೇವೆ. ಸಭೆಯ ಪ್ರತಿಯೊಬ್ಬ ಬಾಡಿಗೆದಾರನಿಗೆ ಅವನ ಭಾಷೆಯಲ್ಲಿ ಬರೆದ ಕರಾರು ಇರಲಿ. ಜಾತಿ, ಮತ ಕೇಳದೆ ಮನೆ ಕೊಡಲಿ. ಕಾರಣ ಹೇಳದೆ, ಬೇರೆ ನೆಲೆಗೆ ಸಮಯ ಕೊಡದೆ ಯಾರನ್ನೂ ಎಬ್ಬಿಸದಿರಲಿ. ನೆಲವನ್ನು ವ್ಯಾಪಾರಿ ಸಂಸ್ಥೆಗೆ ವಹಿಸುವ ಮೊದಲು ಅಲ್ಲಿ ವಾಸಿಸುವವರನ್ನು ಕೂಟಕ್ಕೆ ಕರೆಯಲಿ. ಇಷ್ಟು ಮಾಡಿದ ಸಭೆಗೆ ಮಾ‍ತ್ರ ಕೋಟೆಯೊಳಗಿನ ಕುಟುಂಬಗಳ ಪುನರ್ವಸತಿಯ ಬಗ್ಗೆ ಜಿಲ್ಲಾಡಳಿತದ ಮುಂದೆ ನಿಂತು ಮಾತನಾಡುವ ಬಾಯಿ ಇರುತ್ತದೆ. ನೆಹೆಮೀಯನಿಗೆ ಇದ್ದ ಬಲ ಅದೇ: ಅವನು ಮೊದಲು ತನ್ನ ಲೆಕ್ಕವನ್ನು ಒಪ್ಪಿಸಿದನು.

ಸೆಮಿನರಿಯ ವಿದ್ಯಾರ್ಥಿಗಳಿಗೆ ಒಂದು ಮಾತು. ಅಪೊಸ್ತಲರ ಕೃತ್ಯಗಳು ಮುಗಿಯುವುದು ದೇವಾಲಯದಲ್ಲಿ ಅಲ್ಲ, ಸಭಾಮಂದಿರದಲ್ಲಿಯೂ ಅಲ್ಲ. ಸಾಮ್ರಾಜ್ಯದ ರಾಜಧಾನಿಯಲ್ಲಿ, ಕಾವಲುಗಾರನ ಕಣ್ಣೆದುರು, ಬಾಡಿಗೆ ಕೊಟ್ಟು ಪಡೆದ ಮನೆಯಲ್ಲಿ ಪೌಲನು ಎರಡು ವರ್ಷ ಬಂದವರನ್ನೆಲ್ಲ ಬರಮಾಡಿಕೊಂಡನು ಎಂಬಲ್ಲಿ ಲೂಕನು ಲೇಖನಿಯನ್ನು ಕೆಳಗಿಡುತ್ತಾನೆ. ರೋಮಿನಲ್ಲಿ ದೇವರ ರಾಜ್ಯದ ವಿಳಾಸ ಒಂದು ಬಾಡಿಗೆ ಮನೆಯಾಗಿತ್ತು. ಮುಂದಿನ ವರ್ಷ ನೀವು ಯಾವುದಾದರೂ ಪಟ್ಟಣದ ಸಭೆಗೆ ಹೋದಾಗ, ಅಲ್ಲಿಯ ಸುವರ್ಣ ಜೂಬಿಲಿಯ ಸಮಿತಿ ನಿಮ್ಮನ್ನು ಪ್ರಸಂಗಕ್ಕೆ ಕರೆದರೆ, ಯಾಜಕಕಾಂಡ 25ನ್ನು ಓದಿರಿ. ಆದರೆ 28ನೆಯ ವಚನದಲ್ಲಿ ಪುಸ್ತಕ ಮುಚ್ಚಬೇಡಿರಿ.